ಆಸ್ಪತ್ರೆ ಮಂಚದಿಂದ ರೇಸ್ ಟ್ರ್ಯಾಕಿಗೆ

ಬ್ಯಾಕ್‌ಲಾಗ್ ಪರೀಕ್ಷೆಗೆ ಓದಬೇಕಿದ್ದ ರಾತ್ರಿ ನಾನು ಓದಿದ್ದು ಬ್ರೂಸ್ ಮೆಕ್ಲಾರೆನ್ ಕತೆ. ಮೆಕ್ಲಾರೆನ್ ಅಂದರೆ ಎಫ್‌1 ಕಾರು ಅಂದುಕೊಂಡಿದ್ದೆ. ಅದೊಬ್ಬ ಮನುಷ್ಯನ ಹೆಸರು!

1937ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಹುಟ್ಟಿದ ಬ್ರೂಸ್‌ಗೆ ಒಂಬತ್ತನೇ ವಯಸ್ಸಿಗೇ ಸೊಂಟದ ಕೀಲಿನ ಕಾಯಿಲೆ. ಬಹುಕಾಲ ಮಂಚವೇ ಗತಿ. ಎದ್ದಾಗ ಎಡಗಾಲು ಗಿಡ್ಡವಾಗಿತ್ತು. ಅಪ್ಪನದು ಗ್ಯಾರೇಜು. ಬಿಚ್ಚಿಟ್ಟ ಸ್ಥಿತಿಯಲ್ಲಿ ಬಂದ ಹಳೇ ಆಸ್ಟಿನ್ 7 ಕಾರನ್ನು ಅಪ್ಪ, ಮಗ ಸೇರಿ ಜೋಡಿಸಿದರು. ಎಂಜಿನಿಯರಿಂಗ್ ಅರ್ಧಕ್ಕೇ ಬಿಟ್ಟು ಬ್ರೂಸ್ 1958ರಲ್ಲಿ ಯುರೋಪಿಗೆ ಹೊರಟರು. (ಇದನ್ನು ಅಮ್ಮನಿಗೆ ಹೇಳಿಲ್ಲ.)

ಮರುವರ್ಷ ಅಮೆರಿಕದ ಸೆಬ್ರಿಂಗ್‌ನಲ್ಲಿ, ಮುಂದಿದ್ದ ಜೊತೆಗಾರ ಜಾಕ್ ಬ್ರಾಬಮ್ ಕಾರಿನಲ್ಲಿ ಕೊನೇ ಸುತ್ತಿಗೆ ಇಂಧನ ಮುಗಿಯಿತು. ಅವರು ಕಾರು ತಳ್ಳಿಕೊಂಡು ಗುರಿ ಮುಟ್ಟುವಷ್ಟರಲ್ಲಿ 22ರ ಬ್ರೂಸ್ ಗೆದ್ದಾಗಿತ್ತು.

1963ರಲ್ಲಿ ಸ್ವಂತ ತಂಡ ಕಟ್ಟಿದರು. 1968ರಲ್ಲಿ ಬೆಲ್ಜಿಯಂನಲ್ಲಿ ತಮ್ಮದೇ ಹೆಸರಿನ ಕಾರು ಓಡಿಸಿ ಗೆದ್ದರು. ಆಮೇಲೂ ಹೊಸ ಕಾರಿನ ಪರೀಕ್ಷೆಗೆ ತಾವೇ ಕೂರುತ್ತಿದ್ದರು. ಲ್ಯಾಬ್‌ನಲ್ಲಿ ಪಕ್ಕದವನ ರೀಡಿಂಗ್ ನಕಲು ಮಾಡುವ ನನಗೆ ಇಲ್ಲಿ ನಾಚಿಕೆಯಾಯಿತು.

1970ರ ಜೂನ್ 2, ಇಂಗ್ಲೆಂಡಿನ ಗುಡ್‌ವುಡ್. ಅಂಥದ್ದೇ ಪರೀಕ್ಷೆಯಲ್ಲಿ, ವೇಗದಲ್ಲಿದ್ದಾಗ ಕಾರಿನ ಹಿಂಬದಿಯ ಹೊದಿಕೆ ಕಳಚಿತು. ಬ್ರೂಸ್ ಉಳಿಯಲಿಲ್ಲ, ಆಗಿನ್ನೂ 32. ಹನ್ನೆರಡು ದಿನಗಳ ಬಳಿಕ ಅದೇ ಮಾದರಿಯ ಕಾರು ಕೆನಡಾದಲ್ಲಿ ರೇಸ್ ಗೆದ್ದಿತು.