ಮನದೊಳಗಿನ ಅಂಕಣ

ನಮ್ಮ ಕಾಲೇಜಿನ ಟೆನ್ನಿಸ್ ಅಂಕಣ ಕನ್ನಡ ವಿಭಾಗದ ಕಿಟಕಿಗೆ ನೇರ ಎದುರಿಗಿದೆ. ಒಂದು ಸಂಜೆ ಪಾಠ ಮುಗಿಸಿ ಕುಳಿತಿದ್ದಾಗ ವಿದ್ಯಾರ್ಥಿಯೊಬ್ಬ ಅಲ್ಲಿ ಒಬ್ಬನೇ ನಿಂತಿದ್ದುದನ್ನು ಕಂಡೆ. ಕೈಯಲ್ಲಿ ರಾಕೆಟ್ ಇತ್ತು, ಚೆಂಡಿರಲಿಲ್ಲ. ಕಣ್ಣು ಮುಚ್ಚಿ ಇಲ್ಲದ ಚೆಂಡನ್ನು ಮೇಲಕ್ಕೆ ತೂರಿ, ಮೈಯನ್ನು ಬಿಲ್ಲಿನಂತೆ ಬಾಗಿಸಿ ಹೊಡೆದು, ಅದು ಬಿದ್ದ ಎಡೆಯನ್ನು ಕಂಡವನಂತೆ ತಲೆದೂಗುತ್ತಿದ್ದ. ಮರುದಿನ ವಿಚಾರಿಸಿದೆ. ಸರ್ವಿಸನ್ನು ಮೊದಲು ಮನಸ್ಸಿನಲ್ಲಿ ಹೊಡೆದು ನೋಡಿದರೆ ಆಮೇಲೆ ಕೈ ತಾನಾಗಿ ಹೇಳಿದಂತೆ ಕೇಳುತ್ತದೆಂದು ತರಬೇತುದಾರರು ಕಲಿಸಿದ್ದಾರೆಂದು ಸಂಕೋಚದಿಂದ ಹೇಳಿದ.

ಕನ್ನಡ ಪಾಠ ಹೇಳುವವನಿಗೆ ಆ ಕ್ಷಣ ಏಕಲವ್ಯ ನೆನಪಾದರೆ ಆಶ್ಚರ್ಯವಿಲ್ಲ. ಕಾಡಿನಲ್ಲಿ ಗುರುವಿನ ಮಣ್ಣಿನ ಮೂರ್ತಿಯನ್ನು ಮುಂದಿಟ್ಟುಕೊಂಡು ಬಿಲ್ವಿದ್ಯೆ ಕಲಿತವನು ಅವನು. ಮೂರ್ತಿ ಬಾಯಿ ತೆರೆದು ಪಾಠ ಹೇಳಲಿಲ್ಲ. ಹೇಳಿದ್ದು ಅವನ ಮನಸ್ಸಿನಲ್ಲಿ ಮೂಡಿದ್ದ ಚಿತ್ರ. ಕುವೆಂಪು ಅವರ ‘ಬೆರಳ್‌ಗೆ ಕೊರಳ್’ ನಾಟಕವನ್ನು ಓದಿದವರಿಗೆ ಆ ಕಥೆಯ ನೋವೂ ಗೊತ್ತು. ಏಕಲವ್ಯನ ಜೊತೆಗೇ ನನಗೆ ನೆನಪಾದ ಇನ್ನೊಬ್ಬನು ಅಮೆರಿಕದ ಟೆನ್ನಿಸ್ ವೀರ ಬಿಲ್ ಟಿಲ್ಡೆನ್. ಅವನೂ ತಡವಾಗಿ ಕಲಿತವನು, ಅವನೂ ಬಲಗೈಯ ಬೆರಳು ಕಳೆದುಕೊಂಡವನು.

ಟಿಲ್ಡೆನ್ ಹುಟ್ಟಿದ್ದು 1893ರ ಫೆಬ್ರವರಿ 10ರಂದು, ಫಿಲಡೆಲ್ಫಿಯಾದ ಜರ್ಮನ್‌ಟೌನಿನಲ್ಲಿ. ತಂದೆ ಅನುಕೂಲಸ್ಥ ವರ್ತಕ, ತಾಯಿ ಸಂಗೀತಪ್ರಿಯೆ. ಅವನು ಹುಟ್ಟುವ ಮೊದಲೇ, 1884ರಲ್ಲಿ, ಆ ಮನೆಯ ಮೂರು ಮಕ್ಕಳು ಗಂಟಲಮಾರಿಗೆ ಬಲಿಯಾಗಿದ್ದವು. ಆ ಭಯವೆಲ್ಲ ತಾಯಿಯ ವಾತ್ಸಲ್ಯವಾಗಿ ಈ ಮಗನ ಮೇಲೆ ಸುರಿಯಿತು. 1911ರಲ್ಲಿ ತಾಯಿ ತೀರಿಕೊಂಡಳು. 1915ರಲ್ಲಿ ತಂದೆಯೂ ಅಣ್ಣನೂ ಒಬ್ಬರ ಹಿಂದೊಬ್ಬರು ಹೋದರು. ಇಪ್ಪತ್ತೆರಡರ ವಯಸ್ಸಿಗೆ ಅವನು ಒಂಟಿಯಾದನು.

ಆಗಿನ್ನೂ ಅವನದು ಹೆಸರಾಂತ ಆಟವಲ್ಲ. ತಾನು ಓದಿದ ಶಾಲೆಯ ಹುಡುಗರಿಗೆ ಟೆನ್ನಿಸ್ ಹೇಳಿಕೊಡುತ್ತಿದ್ದ. ಕಲಿಸುವವನಿಗೆ ಪ್ರಶ್ನೆಗಳು ಬೆನ್ನು ಬೀಳುತ್ತವೆ. ಈ ಹೊಡೆತ ಏಕೆ ಗೆರೆಯಾಚೆ ಬಿತ್ತು, ಆ ಚೆಂಡು ಏಕೆ ನೆಲಕ್ಕೆ ಬಿದ್ದೊಡನೆ ಪಕ್ಕಕ್ಕೆ ಹಾರಿತು ಎಂದು ಯೋಚಿಸುತ್ತ ಅವನು ಆಟವನ್ನು ಶಾಸ್ತ್ರದಂತೆ ಬಿಡಿಸಿ ನೋಡಿದ. ಟೆನ್ನಿಸ್ ಮೊದಲು ಮನಸ್ಸಿನ ಆಟ, ಅನಂತರ ತೋಳಿನ ಆಟ ಎಂಬ ನಂಬಿಕೆ ಅವನಲ್ಲಿ ಬೇರೂರಿತು. 1925ರಲ್ಲಿ ಪ್ರಕಟವಾದ ಅವನ ‘ಮ್ಯಾಚ್ ಪ್ಲೇ ಅಂಡ್ ದಿ ಸ್ಪಿನ್ ಆಫ್ ದಿ ಬಾಲ್’ ಎಂಬ ಗ್ರಂಥ ಆ ಚಿಂತನೆಯ ಫಲ.

ಆದರೆ ತಿಳಿವಳಿಕೆ ಕೈಗಿಳಿಯಲು ಕಾಲ ಬೇಕು. 1918ರಲ್ಲಿ ಅಮೆರಿಕದ ರಾಷ್ಟ್ರೀಯ ಪಂದ್ಯದ ಅಂತಿಮದಲ್ಲಿ ಸೋತ. 1919ರಲ್ಲಿ ಬಿಲ್ ಜಾನ್‌ಸ್ಟನ್ ಅವನ ದುರ್ಬಲ ಬ್ಯಾಕ್‌ಹ್ಯಾಂಡಿಗೇ ಚೆಂಡು ಹೊಡೆದು ಹೊಡೆದು ನೇರ ಮೂರು ಸೆಟ್ಟುಗಳಲ್ಲಿ ಸೋಲಿಸಿದ. ಇಪ್ಪತ್ತಾರು ವರ್ಷದ ಆಟಗಾರ ಅಲ್ಲಿಗೆ ಕೈಚೆಲ್ಲಬಹುದಾಗಿತ್ತು. ಟಿಲ್ಡೆನ್ ಆ ಚಳಿಗಾಲವೆಲ್ಲ ರೋಡ್ ಐಲೆಂಡಿನ ಪ್ರಾವಿಡೆನ್ಸಿನಲ್ಲಿ, ಸೂರಿನಡಿಯ ಅಂಕಣವೊಂದರಲ್ಲಿ, ಆ ಒಂದು ಹೊಡೆತವನ್ನು ಬುಡದಿಂದ ಹೊಸದಾಗಿ ಕಟ್ಟಿದ. 1920ರ ಬೇಸಿಗೆಯಲ್ಲಿ ವಿಂಬಲ್ಡನ್‌ನಲ್ಲಿ ಆಸ್ಟ್ರೇಲಿಯದ ಜೆರಾಲ್ಡ್ ಪ್ಯಾಟರ್ಸನ್ನನನ್ನು, ಮೊದಲ ಸೆಟ್ ಸೋತ ಮೇಲೂ, ಮಣಿಸಿ, ಆ ಪದವಿ ಪಡೆದ ಮೊದಲ ಅಮೆರಿಕನ್ ಪುರುಷನಾದ.

ಅವನ ಕೀರ್ತಿಯ ಮುಕುಟಮಣಿ ಸರ್ವಿಸ್. ಫಿರಂಗಿಯ ಗುಂಡೆಂದೇ ಅದಕ್ಕೆ ಹೆಸರಾಗಿತ್ತು. ಆದರೆ ಅವನ ಬತ್ತಳಿಕೆಯಲ್ಲಿದ್ದುದು ಅದೊಂದೇ ಬಾಣವಲ್ಲ. ಸುತ್ತಿಲ್ಲದೆ ನೇರ ನುಗ್ಗುವುದೊಂದು. ಪಕ್ಕಸುತ್ತಿನಿಂದ ಬಾಗಿ, ಎದುರಾಳಿಯ ಬಲಕ್ಕೆ ಜಾರಿಹೋಗುವುದೊಂದು. ನೆಲಕ್ಕೆ ಬಿದ್ದು ಅವನ ಎಡಹೆಗಲ ಕಡೆಗೆ ನೆಗೆಯುವುದು ಮತ್ತೊಂದು. ಯಾವುದನ್ನು ಯಾವಾಗ ಬಿಡಬೇಕೆಂಬ ಆಯ್ಕೆಯಲ್ಲಿ ಅವನ ಜಾಣ್ಮೆಯಿತ್ತು.

ಟೆನ್ನಿಸ್‌ನ ಉಳಿದೆಲ್ಲ ಹೊಡೆತಗಳೂ ಎದುರಾಳಿ ಕೇಳಿದ ಪ್ರಶ್ನೆಗೆ ಉತ್ತರ. ಸರ್ವಿಸ್ ಮಾತ್ರ ನಾವೇ ಆರಂಭಿಸುವ ಮಾತು. ಚೆಂಡು ನಮ್ಮ ಕೈಯಲ್ಲಿದೆ, ಎಸೆಯುವ ಎತ್ತರ ನಮ್ಮದು, ಅದಕ್ಕೆ ಮೊದಲು ಕೆಲವು ಕ್ಷಣದ ಬಿಡುವೂ ನಮ್ಮದು. ಆದ್ದರಿಂದಲೇ ಮನಸ್ಸಿನ ಚಿತ್ರಕ್ಕೆ ಅಲ್ಲಿರುವಷ್ಟು ಎಡೆ ಬೇರೆಲ್ಲೂ ಇಲ್ಲ. ಚೆಂಡು ಎಲ್ಲಿಯವರೆಗೆ ಏರಬೇಕು, ಬಲೆಯ ಮೇಲೆ ಎಷ್ಟು ಅಂತರದಲ್ಲಿ ದಾಟಬೇಕು, ಯಾವ ಮೂಲೆಯಲ್ಲಿ ಬೀಳಬೇಕು ಎಂಬುದನ್ನು ಒಳಗಣ್ಣು ಮೊದಲೇ ಕಂಡಿದ್ದರೆ ತೋಳು ತಡವರಿಸುವುದಿಲ್ಲ. ಟಿಲ್ಡೆನ್ನನ ಕಾಲದಲ್ಲಿ ಈ ಸಾಧನೆಗೆ ಶಾಸ್ತ್ರದ ಅಡಿಪಾಯವಿರಲಿಲ್ಲ. 1930ರ ದಶಕದಲ್ಲಿ ಷಿಕಾಗೋದ ವೈದ್ಯ ಎಡ್ಮಂಡ್ ಜೇಕಬ್‌ಸನ್, ಅಲುಗದೆ ಮಲಗಿ ತೋಳು ಮಡಿಸುವುದನ್ನು ಬರಿದೆ ಕಲ್ಪಿಸಿಕೊಂಡವರ ಸ್ನಾಯುಗಳಲ್ಲಿಯೂ ಸೂಕ್ಷ್ಮ ವಿದ್ಯುತ್ತು ಮಿಡಿಯುವುದನ್ನು ಅಳೆದು ತೋರಿಸಿದ. ಕಲ್ಪನೆ ಬರಿಯ ಗಾಳಿಗೋಪುರವಲ್ಲ, ಮೈಯೂ ಅದನ್ನು ಆಲಿಸುತ್ತಿರುತ್ತದೆ ಎಂಬುದಕ್ಕೆ ಅದು ಸಾಕ್ಷಿಯಾಯಿತು.

ಮನಸ್ಸನ್ನು ಒಂದೆಡೆ ನಿಲ್ಲಿಸುವ ಶಕ್ತಿ ಅವನಿಗೆಷ್ಟಿತ್ತೆಂಬುದು 1920ರ ಅಮೆರಿಕದ ಅಂತಿಮ ಪಂದ್ಯದಲ್ಲಿ ಕಂಡಿತು. ಎದುರಿಗೆ ಅದೇ ಜಾನ್‌ಸ್ಟನ್. ಆಟದ ನಡುವೆ ವಿಮಾನವೊಂದು ಅಂಕಣದ ಸಮೀಪದಲ್ಲೇ ಉರುಳಿಬಿದ್ದು ಇಬ್ಬರು ಸತ್ತರು. ಸಾವಿರಾರು ಪ್ರೇಕ್ಷಕರು ತಲ್ಲಣಿಸಿದರು. ಮುಂದುವರಿಸಬಲ್ಲಿರಾ ಎಂದು ತೀರ್ಪುಗಾರ ಕೇಳಿದಾಗ ಇಬ್ಬರೂ ಒಪ್ಪಿದರು. ಐದು ಸೆಟ್ಟುಗಳ ಆ ಹೋರಾಟದಲ್ಲಿ ಟಿಲ್ಡೆನ್ ಗೆದ್ದ. ಆ ಚಿತ್ತಸ್ಥೈರ್ಯಕ್ಕೆ ಬೆರಗಾಗಬೇಕೋ ಬೆದರಬೇಕೋ ನನಗೆ ಇಂದಿಗೂ ತಿಳಿಯದು.

1922ರಲ್ಲಿ ಬಲಗೈಯ ನಡುಬೆರಳಿಗೆ ಆದ ಗಾಯ ಕೀವುಗಟ್ಟಿ, ಅದರ ತುದಿಯನ್ನು ಕತ್ತರಿಸಬೇಕಾಯಿತು. ಅವನ ಆಟ ಮುಗಿಯಿತೆಂದು ಹಲವರು ಎಣಿಸಿದರು. ಅವನು ರಾಕೆಟ್ ಹಿಡಿಯುವ ರೀತಿಯನ್ನು ತಿದ್ದಿಕೊಂಡು ಮತ್ತೆ ಅಂಕಣಕ್ಕಿಳಿದ. 1920ರಿಂದ 1925ರವರೆಗೆ ಒಂದೇ ಸಮನೆ ಆರು ಬಾರಿ, 1929ರಲ್ಲಿ ಏಳನೆಯ ಬಾರಿ, ರಾಷ್ಟ್ರೀಯ ಪದವಿ ಅವನದಾಯಿತು. ಬೆರಳು ಹೋದರೂ ಬೆರಳಿನ ಹಿಂದಿದ್ದ ಚಿತ್ರ ಹೋಗಿರಲಿಲ್ಲ.

ಆ ಚಿತ್ರವೂ ಕೈಕೊಡುವ ದಿನವುಂಟು. 1927ರ ವಿಂಬಲ್ಡನ್‌ನಲ್ಲಿ ಫ್ರಾನ್ಸಿನ ಆನ್ರಿ ಕೊಷೆಯ ಎದುರು ಎರಡು ಸೆಟ್ ಗೆದ್ದು, ಮೂರನೆಯದರಲ್ಲಿ 5-1ರ ಮುನ್ನಡೆಯಲ್ಲಿದ್ದ ಟಿಲ್ಡೆನ್, ಒಂದಾದ ಮೇಲೊಂದು ಹದಿನೇಳು ಅಂಕ ಕಳೆದುಕೊಂಡು ಸೋತ. ಕಾರಣವನ್ನು ಹಲವರು ಹಲವು ಬಗೆಯಲ್ಲಿ ಊಹಿಸಿದರು. ಅವನು ಸೋಲಿಗೆ ಅಂಜಿ ಕೂರಲಿಲ್ಲ. 1930ರಲ್ಲಿ, ಮೂವತ್ತೇಳರ ವಯಸ್ಸಿನಲ್ಲಿ, ವಿಂಬಲ್ಡನ್ನನ್ನು ಮೂರನೆಯ ಸಲ ಗೆದ್ದ. ಆ ವರ್ಷದ ಕೊನೆಗೆ ವೃತ್ತಿ ಆಟಗಾರನಾದ.

ಅವನ ಬಾಳಿನ ಇಳಿಜಾರನ್ನು ಮರೆಮಾಚಿದರೆ ಚರಿತ್ರೆಗೆ ದ್ರೋಹವಾದೀತು. ನಾಟಕದ ಗೀಳಿನಲ್ಲಿ ಅಪಾರ ಹಣ ಕರಗಿತು. ಅಪ್ರಾಪ್ತ ಹುಡುಗರೊಡನೆ ಅನುಚಿತವಾಗಿ ವರ್ತಿಸಿದ ಅಪರಾಧಕ್ಕಾಗಿ 1940ರ ದಶಕದ ಕೊನೆಯಲ್ಲಿ ಎರಡು ಬಾರಿ ಸೆರೆವಾಸವಾಯಿತು. ಹಳೆಯ ಮಿತ್ರರು ದೂರವಾದರು, ಎಷ್ಟೋ ಕ್ಲಬ್ಬುಗಳ ಬಾಗಿಲು ಮುಚ್ಚಿತು. ಆಟದ ಮಹಿಮೆ ಆ ಅಪರಾಧವನ್ನು ತೊಳೆಯಲಾರದು. ನೊಂದ ಹುಡುಗರ ಬಾಳು ಪದಕಗಳಿಗಿಂತ ಹಗುರವಲ್ಲ. 1953ರ ಜೂನ್ 5ರಂದು ಲಾಸ್ ಏಂಜಲೀಸಿನ ತನ್ನ ಬಿಡಾರದಲ್ಲಿ, ಕೈಯಲ್ಲಿ ಹಣವಿಲ್ಲದೆ, ಒಂಟಿಯಾಗಿ ಅವನು ತೀರಿಕೊಂಡ. ಕ್ಲೀವ್‌ಲ್ಯಾಂಡಿನ ಪಂದ್ಯಕ್ಕೆ ಹೊರಡಲು ಗಂಟುಮೂಟೆ ಕಟ್ಟಿಟ್ಟಿದ್ದ.

ಚೆಂಡು ಬೀಳುವ ಎಡೆಯನ್ನು ಅದು ಕೈಬಿಡುವ ಮೊದಲೇ ಕಾಣಬಲ್ಲ ಕಣ್ಣಿಗೆ ತಾನು ಬೀಳುತ್ತಿರುವುದು ಕಾಣಲಿಲ್ಲವೇ ಎಂದು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮನಸ್ಸಿನ ಚಿತ್ರ ಕೈಯನ್ನು ತಿದ್ದಬಲ್ಲದು, ನಡತೆಯನ್ನು ತಾನಾಗಿ ತಿದ್ದಲಾರದು. ಅದಕ್ಕೆ ಬೇರೆಯೇ ಸಾಧನೆ ಬೇಕು. ಕೈಯ ವಿಷಯದಲ್ಲಿಯೂ ಚಿತ್ರ ದುಡಿಮೆಗೆ ಬದಲಿಯಲ್ಲ. ಏಕಲವ್ಯ ಮೂರ್ತಿಯನ್ನು ನೋಡುತ್ತ ಸುಮ್ಮನೆ ಕೂರಲಿಲ್ಲ, ಬಾಣ ಬಿಟ್ಟ. ಟಿಲ್ಡೆನ್ ಯೋಚಿಸಿದ, ಜೊತೆಗೆ ಒಂದು ಚಳಿಗಾಲವಿಡೀ ಬೆವರಿದ.

ಇಷ್ಟನ್ನೂ ಆ ವಿದ್ಯಾರ್ಥಿಗೆ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿದ. ಮರುಸಂಜೆ ಕಿಟಕಿಯಿಂದ ನೋಡಿದಾಗ ಅವನ ಪಕ್ಕದಲ್ಲಿ ಒಂದು ಬುಟ್ಟಿ ಚೆಂಡುಗಳಿದ್ದವು. ಒಂದೊಂದನ್ನು ತೂರುವ ಮೊದಲೂ ಕ್ಷಣಕಾಲ ಕಣ್ಣು ಮುಚ್ಚುತ್ತಿದ್ದ. ಕೆಲವು ಬಲೆಗೆ ಬಿದ್ದವು, ಕೆಲವು ಗೆರೆ ದಾಟಿದವು. ಕತ್ತಲಾಗುವವರೆಗೂ ಅವನು ಹೊಡೆಯುತ್ತಲೇ ಇದ್ದ.