ಬನಿಯನ್ ಬಟ್ಟೆಗೆ ಮರ್ಯಾದೆ ತಂದ ಶನೆಲ್

ಮದುವೆ ಮನೆಯಿಂದ ಬಂದ ತಕ್ಷಣ ನೀವು ಮಾಡುವ ಮೊದಲ ಕೆಲಸ ಯಾವುದು? ಜರಿ ಸೀರೆ ಬಿಚ್ಚಿಟ್ಟು, ಕೈ ಎತ್ತಲೂ ಬಿಡದ ಬಿಗಿ ರವಿಕೆ ಕಳಚಿ, ಹಳೇ ಕಾಟನ್ ನೈಟಿ ಹಾಕ್ಕೊಂಡು ಉಸ್ಸಪ್ಪಾ ಅಂತ ಕೂರೋದು ತಾನೇ? ಚೆಂದ ಕಾಣಬೇಕಾದರೆ ಒಂದಿಷ್ಟು ಹಿಂಸೆ ಸಹಿಸಲೇಬೇಕು ಅಂತ ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ಆದರೆ ನೂರು ವರ್ಷಗಳಿಗೂ ಹಿಂದೆ ಫ್ರಾನ್ಸ್‌ನಲ್ಲಿ ಒಬ್ಬಾಕೆ ಈ ಮಾತನ್ನು ಒಪ್ಪಲಿಲ್ಲ. ಆಕೆಯೇ ಕೊಕೊ ಶನೆಲ್. ಇವತ್ತು ಆ ಹೆಸರು ಕೇಳಿದರೆ ಕೈಗೆಟುಕದ ಸೆಂಟು, ಲಕ್ಷಗಟ್ಟಲೆ ಬೆಲೆಯ ಬ್ಯಾಗು ನೆನಪಾಗುತ್ತದೆ. ಆದರೆ ಆಕೆಗೆ ಹೆಸರು ತಂದ ಬಟ್ಟೆ ಯಾವುದು ಗೊತ್ತೇ? ನಮ್ಮ ಮನೆ ಗಂಡಸರು ಶರ್ಟಿನೊಳಗೆ ತೊಡುವ ಬನಿಯನ್ ಬಟ್ಟೆ!

ಅನಾಥಾಲಯದಲ್ಲಿ ಕಲಿತ ಹೊಲಿಗೆ

ಗ್ಯಾಬ್ರಿಯೆಲ್ ಶನೆಲ್ ಹುಟ್ಟಿದ್ದು 1883ರ ಆಗಸ್ಟ್ 19ರಂದು, ಫ್ರಾನ್ಸ್‌ನ ಸೋಮೂರ್ ಎಂಬ ಊರಿನ ಧರ್ಮಾಸ್ಪತ್ರೆಯಲ್ಲಿ. ಅಪ್ಪ ಸಂತೆಯಿಂದ ಸಂತೆಗೆ ಅಲೆದು ಸಾಮಾನು ಮಾರುವವನು. 1895ರಲ್ಲಿ ತಾಯಿ ತೀರಿಕೊಂಡಾಗ ಹುಡುಗಿಗೆ ಇನ್ನೂ 11 ವರ್ಷ. ಅಪ್ಪ ಹೆಣ್ಣುಮಕ್ಕಳನ್ನು ಒಬಜೀನ್ ಎಂಬಲ್ಲಿನ ಕ್ರೈಸ್ತ ಸನ್ಯಾಸಿನಿಯರ ಅನಾಥಾಲಯಕ್ಕೆ ಬಿಟ್ಟು ಹೋದ. ಅಲ್ಲಿ ಆಕೆಗೆ ಸಿಕ್ಕ ದೊಡ್ಡ ಆಸ್ತಿ ಅಂದರೆ ಹೊಲಿಗೆ. ಸನ್ಯಾಸಿನಿಯರ ಉಡುಪಿನ ಕಪ್ಪು-ಬಿಳುಪು ಆಕೆಯ ಕಣ್ಣಲ್ಲಿ ಕೊನೆವರೆಗೂ ಉಳಿಯಿತು ಅಂತ ಹೇಳುವವರೂ ಇದ್ದಾರೆ.

ಹದಿನೆಂಟು ತುಂಬಿದ ಮೇಲೆ ಮೂಲಾಂ ಪಟ್ಟಣದ ಅಂಗಡಿಯೊಂದರಲ್ಲಿ ಹೊಲಿಗೆ ಕೆಲಸ, ಸಂಜೆ ಸೈನಿಕರು ಬರುವ ಕೆಫೆಯಲ್ಲಿ ಹಾಡು. ಕೊಕೊ ಎಂಬ ಅಡ್ಡಹೆಸರು ಅಂಟಿದ್ದು ಅಲ್ಲೇ. ದೊಡ್ಡವಳಾದ ಮೇಲೆ ಶನೆಲ್ ತನ್ನ ಬಾಲ್ಯದ ಬಗ್ಗೆ ಬೇರೆ ಬೇರೆ ಕತೆ ಹೇಳುತ್ತಿದ್ದಳೇ ಹೊರತು ಅನಾಥಾಲಯದ ಮಾತು ಎತ್ತುತ್ತಿರಲಿಲ್ಲ. ಬಡತನಕ್ಕಿಂತ ಅಪ್ಪ ಬಿಟ್ಟುಹೋದ ನೋವೇ ಹೆಚ್ಚಿತ್ತೋ ಏನೋ.

ಆಗಿನ ಶ್ರೀಮಂತ ಹೆಂಗಸರ ಪಾಡು ನೋಡಬೇಕಿತ್ತು. ಸೊಂಟವನ್ನು ಹಿಂಡುವ ಕಾರ್ಸೆಟ್, ನೆಲ ಗುಡಿಸುವ ಲಂಗ, ತಲೆ ಮೇಲೆ ಹೂವು-ಗರಿ ಹೊತ್ತ ಬುಟ್ಟಿಯಂಥ ಟೋಪಿ. ಶನೆಲ್ ಮೊದಲು ಕೈ ಹಾಕಿದ್ದು ಈ ಟೋಪಿಗೇ. ಅಲಂಕಾರವನ್ನೆಲ್ಲ ಕಿತ್ತು ಸರಳ ಟೋಪಿ ಮಾಡತೊಡಗಿದಳು. ಆಕೆಯ ಪ್ರಿಯಕರ, ಇಂಗ್ಲಿಷ್ ಉದ್ಯಮಿ ಆರ್ಥರ್ ಕೇಪಲ್ ಹಣ ಕೊಟ್ಟ. 1910ರಲ್ಲಿ ಪ್ಯಾರಿಸ್‌ನ ಕಾಂಬಾನ್ ಬೀದಿಯಲ್ಲಿ ಟೋಪಿ ಅಂಗಡಿ, 1913ರಲ್ಲಿ ಡೋವಿಲ್ ಕಡಲತೀರದಲ್ಲಿ ಇನ್ನೊಂದು ಮಳಿಗೆ, 1915ರಲ್ಲಿ ಬಿಯಾರಿಟ್ಜ್‌ನಲ್ಲಿ ದೊಡ್ಡ ಉಡುಪು ಮಳಿಗೆ. 1919ರಲ್ಲಿ ಕಾರು ಅಪಘಾತದಲ್ಲಿ ಕೇಪಲ್ ಸತ್ತ. ಶನೆಲ್ ಕಡೆವರೆಗೂ ಮದುವೆಯಾಗಲಿಲ್ಲ.

ಯಾರೂ ಕೇಳದ ಬಟ್ಟೆ

ಅಷ್ಟರಲ್ಲಿ ಮೊದಲ ಮಹಾಯುದ್ಧ ಶುರುವಾಗಿತ್ತು. ಒಳ್ಳೆಯ ಬಟ್ಟೆ ಸಿಗುತ್ತಿಲ್ಲ. ಗಂಡಸರು ಯುದ್ಧಕ್ಕೆ ಹೋಗಿದ್ದಾರೆ, ಹೆಂಗಸರು ಮನೆ-ಹೊರಗೆ ಎರಡೂ ಕಡೆ ಓಡಾಡಬೇಕು. ರೋಡಿಯೇ ಎಂಬ ತಯಾರಕನ ಬಳಿ ಜರ್ಸಿ ಬಟ್ಟೆ ಇತ್ತು. ಆಗ ಅದು ಗಂಡಸರ ಒಳ ಉಡುಪಿಗೆ ಹೆಸರಾದ ಅಗ್ಗದ ಮಾಲು, ದೊಡ್ಡ ಮನೆತನದ ಹೆಂಗಸರು ಮುಟ್ಟುತ್ತಿರಲಿಲ್ಲ. ಶನೆಲ್ ಅದನ್ನೇ ಕೊಂಡು ಹೊಲಿದಳು. 1916ರ ಹೊತ್ತಿಗೆ ಆಕೆಯ ಜರ್ಸಿ ಉಡುಪು ಅಮೆರಿಕದ ಪತ್ರಿಕೆಗಳಲ್ಲೂ ಸುದ್ದಿಯಾಯಿತು.

ಈ ಬಟ್ಟೆಯಲ್ಲಿ ಅಂಥದ್ದೇನಿದೆ ಅಂತೀರಾ? ನಮ್ಮ ಸೀರೆ, ವಾಯಿಲ್, ಪಾಪ್ಲಿನ್ ಎಲ್ಲ ಮಗ್ಗದಲ್ಲಿ ಹಾಸು-ಹೊಕ್ಕು ಎಳೆ ಸೇರಿಸಿ ನೇಯ್ದವು. ಜರ್ಸಿ ಹಾಗಲ್ಲ, ಸ್ವೆಟರ್ ಹಾಗೆ ಕುಣಿಕೆಗೆ ಕುಣಿಕೆ ಸೇರಿಸಿ ಹೆಣೆದದ್ದು. ಎಳೆದರೆ ಹಿಗ್ಗುತ್ತೆ, ಬಿಟ್ಟರೆ ಮತ್ತೆ ಕೂರುತ್ತೆ. ಮೈ ಹೇಗೆ ತಿರುಗಿದರೆ ಹಾಗೆ ಬರುತ್ತೆ. ಆದರೆ ಬಿಗಿದು ಕಟ್ಟಿದ ವಿನ್ಯಾಸಕ್ಕೆ ಅದು ಒಗ್ಗೋದಿಲ್ಲ. ಹಾಗಾಗಿ ಶನೆಲ್ ಗೆರೆಗಳನ್ನು ನೇರ ಮಾಡಿದಳು, ಸೊಂಟ ಸಡಿಲ ಬಿಟ್ಟಳು, ಲಂಗವನ್ನು ಪಾದಕ್ಕಿಂತ ಮೇಲೆತ್ತಿದಳು, ಜೇಬು ಇಟ್ಟಳು. ಬಟ್ಟೆ ಹೇಳಿದಂತೆ ವಿನ್ಯಾಸಕಿ ಕೇಳಿದಳು ಅನ್ನಿ. ಕಾರ್ಸೆಟ್ ಬಿಡಿಸಿದವಳು ಆಕೆಯೊಬ್ಬಳೇ ಅಲ್ಲ. ಪಾಲ್ ಪೊಯ್ರೆ ಅದಕ್ಕೂ ಮೊದಲೇ ಆ ಕೆಲಸ ಶುರುಮಾಡಿದ್ದ. ಮದ್ಲೇನ್ ವಿಯೊನೆ ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ಮೈಮೇಲೆ ಹರಿಯುವಂತೆ ಮಾಡಿದಳು. ಆದರೆ ಅಗ್ಗದ ಬಟ್ಟೆಗೂ ಅಂದವಿದೆ ಅಂತ ಶ್ರೀಮಂತರ ಬಾಯಲ್ಲೇ ಒಪ್ಪಿಸಿದ್ದು ಶನೆಲ್ ಜಾಣ್ಮೆ.

1921ರಲ್ಲಿ ಎರ್ನೆಸ್ಟ್ ಬೋ ಎಂಬ ಪರಿಣತ ತಯಾರಿಸಿದ ನಂಬರ್ 5 ಸುಗಂಧ ಬಂತು. 1926ರಲ್ಲಿ ಸರಳ ಕಪ್ಪು ಉಡುಪು. ಅಲ್ಲಿವರೆಗೆ ಕಪ್ಪು ಅಂದರೆ ಬಹುಮಟ್ಟಿಗೆ ಸೂತಕದ ಬಣ್ಣ, ಇಲ್ಲವೇ ಅಂಗಡಿಯ ಕೆಲಸದ ಹುಡುಗಿಯರ ಬಣ್ಣ. ಅಮೆರಿಕದ ವೋಗ್ ಪತ್ರಿಕೆ ಈ ಉಡುಪನ್ನು ಎಲ್ಲರಿಗೂ ಎಟುಕುವ ಫೋರ್ಡ್ ಕಾರಿಗೆ ಹೋಲಿಸಿತು. ಸ್ಕಾಟ್ಲೆಂಡಿನ ಗಂಡಸರು ಬೇಟೆಗೆ ತೊಡುತ್ತಿದ್ದ ಒರಟು ಉಣ್ಣೆಯ ಟ್ವೀಡ್ ಕೂಡ ಆಕೆಯ ಕೈಯಲ್ಲಿ ಹೆಂಗಸರ ಉಡುಪಾಯಿತು.

ಬಣ್ಣ ಮಾಸಿದ ವರ್ಷಗಳು

ಇಷ್ಟು ಹೇಳಿ ಮುಗಿಸಿದರೆ ಅರ್ಧ ಸತ್ಯವಾಗುತ್ತೆ. 1936ರಲ್ಲಿ ಶನೆಲ್ ಕಾರ್ಮಿಕರು ಮುಷ್ಕರ ಹೂಡಿ ಆಕೆಯನ್ನೇ ಬಾಗಿಲಲ್ಲಿ ತಡೆದರು. ಸೂಜಿ ಹಿಡಿದೇ ಮೇಲೆ ಬಂದವಳಿಗೆ ಸೂಜಿ ಹಿಡಿದವರ ಕಷ್ಟ ಕಾಣಲಿಲ್ಲವಲ್ಲ ಅನ್ನಿಸುತ್ತೆ. 1939ರಲ್ಲಿ ಎರಡನೇ ಮಹಾಯುದ್ಧ ಶುರುವಾದಾಗ ಉಡುಪಿನ ಮಳಿಗೆ ಮುಚ್ಚಿ ಸಾವಿರಾರು ಹೆಣ್ಣುಮಕ್ಕಳ ಕೆಲಸ ಹೋಯಿತು. ಪ್ಯಾರಿಸ್ ಜರ್ಮನರ ವಶದಲ್ಲಿದ್ದಾಗ ಆಕೆ ರಿಟ್ಜ್ ಹೋಟೆಲಿನಲ್ಲಿದ್ದು, ಜರ್ಮನ್ ಅಧಿಕಾರಿಯೊಬ್ಬನ ಜೊತೆ ಸಂಬಂಧ ಇಟ್ಟುಕೊಂಡಿದ್ದಳು. ಸುಗಂಧ ಕಂಪನಿಯಲ್ಲಿ ತನಗೆ ಶೇ. 10 ಪಾಲು ಮಾತ್ರ ಅನ್ನೋದು ಆಕೆಯ ಹಳೇ ಸಿಟ್ಟು. 1941ರಲ್ಲಿ ಯಹೂದಿಗಳ ವಿರುದ್ಧದ ಕಾನೂನು ಬಳಸಿ, ಪಾಲುದಾರರಾದ ವರ್ಟೈಮರ್ ಸೋದರರಿಂದ ಕಂಪನಿ ಕಿತ್ತುಕೊಳ್ಳಲು ನೋಡಿದಳು. ಅದು ಕೈಗೂಡಲಿಲ್ಲ. 1944ರಲ್ಲಿ ವಿಚಾರಣೆ ನಡೆದು ಬಿಡುಗಡೆಯಾದರೂ ಮುಂದಿನ ಹಲವು ವರ್ಷ ಸ್ವಿಟ್ಜರ್ಲೆಂಡ್‌ನಲ್ಲೇ ಕಳೆಯಬೇಕಾಯಿತು. ಹೊಲಿಗೆಯನ್ನು ಮೆಚ್ಚೋಣ, ಆದರೆ ಈ ಕಲೆಯನ್ನು ಮುಚ್ಚಿಡೋದು ಬೇಡ.

ಎಪ್ಪತ್ತರಲ್ಲಿ ಮತ್ತೆ ಕತ್ತರಿ

ಎಲ್ಲರೂ ಆಕೆಯ ಕತೆ ಮುಗಿಯಿತು ಅಂದುಕೊಂಡಿದ್ದಾಗ, 1954ರ ಫೆಬ್ರವರಿ 5ರಂದು, 70ನೇ ವಯಸ್ಸಿನಲ್ಲಿ ಶನೆಲ್ ಮತ್ತೆ ಉಡುಪು ಪ್ರದರ್ಶಿಸಿದಳು. ಫ್ರೆಂಚ್ ಪತ್ರಿಕೆಗಳು ಹಳಸಲು ಎಂದು ಹೀಯಾಳಿಸಿದವು. ಅಮೆರಿಕದ ಹೆಂಗಸರು ಕೊಂಡು ಉಟ್ಟರು. ಕಾರಣ ಸರಳ. ಆಗ ಹೆಸರು ಮಾಡಿದ್ದ ಕ್ರಿಶ್ಚಿಯನ್ ಡಿಯೊರ್ ಮತ್ತೆ ಸೊಂಟ ಬಿಗಿದಿದ್ದ. ಶನೆಲ್ ಕೋಟು ತೊಟ್ಟರೆ ಕೈ ಆಡುತ್ತಿತ್ತು. ಆಕೆ ಚಿತ್ರ ಬರೆದು ವಿನ್ಯಾಸ ಮಾಡುತ್ತಿರಲಿಲ್ಲ. ಕೊರಳಲ್ಲಿ ಕತ್ತರಿ ತೂಗುಹಾಕ್ಕೊಂಡು, ರೂಪದರ್ಶಿಯ ಮೈಮೇಲೇ ಪಿನ್ನು ಚುಚ್ಚಿ, ತೋಳು ಸರಿಹೋಗುವವರೆಗೆ ಬಿಚ್ಚಿ ಬಿಚ್ಚಿ ಹೊಲಿಸುತ್ತಿದ್ದಳು. ಕೋಟಿನ ಅಂಚು ನೆಟ್ಟಗೆ ಕೂರಲೆಂದು ಒಳಗಡೆ ಸಣ್ಣ ಸರಪಳಿ ಹೊಲಿಯುತ್ತಿದ್ದರು. ನಾವು ಸೀರೆಗೆ ಫಾಲ್ಸ್ ಹಚ್ಚುತ್ತೇವಲ್ಲ, ಹಾಗೇ! 1955ರಲ್ಲಿ ಬಂದ ಬ್ಯಾಗಿಗೆ ಹೆಗಲ ಸರಪಳಿ ಇಟ್ಟಿದ್ದೂ ಎರಡೂ ಕೈ ಬಿಡುವಾಗಿರಲಿ ಅಂತಲೇ.

1971ರ ಜನವರಿ 10ರಂದು, 87ನೇ ವಯಸ್ಸಿನಲ್ಲಿ ಆಕೆ ರಿಟ್ಜ್ ಹೋಟೆಲಿನಲ್ಲಿ ಕಣ್ಣು ಮುಚ್ಚಿದಾಗ ಮುಂದಿನ ಪ್ರದರ್ಶನದ ಕೆಲಸ ನಡೆದೇ ಇತ್ತು.

ಶನೆಲ್‌ಳಿಂದ ನಾವು ಕಲಿಯಬಹುದಾದ್ದು

* ಬಟ್ಟೆ ಕೊಳ್ಳುವಾಗ ಬೆಲೆ ಚೀಟಿ ನೋಡುವ ಮುಂಚೆ ಮುಷ್ಟಿಯಲ್ಲಿ ಹಿಡಿದು ಬಿಡಿ. ಎಷ್ಟು ಮುದುಡುತ್ತೆ, ಹೇಗೆ ಇಳಿಬೀಳುತ್ತೆ ಅಂತ ಕೈಗೇ ತಿಳಿಯುತ್ತೆ.
* ಟ್ರಯಲ್ ರೂಮಿನಲ್ಲಿ ಕನ್ನಡಿ ಮುಂದೆ ನಿಂತರೆ ಸಾಲದು. ಕೈ ಮೇಲೆತ್ತಿ, ಕೂತು, ಬಗ್ಗಿ ನೋಡಿ. ಕಂಕುಳ ಬಳಿ ಹಿಡಿದರೆ ಆ ಉಡುಪು ಬೇಡ.
* ಬನಿಯನ್ ಬಟ್ಟೆಯ ಟಾಪ್, ಕುರ್ತಾ ಒಗೆದ ಮೇಲೆ ತಂತಿಗೆ ನೇತುಹಾಕಬೇಡಿ, ಜೋತುಬೀಳುತ್ತೆ. ಚಪ್ಪಟೆಯಾಗಿ ಹರವಿ ಒಣಗಿಸಿ. ಮನೆಯಲ್ಲೇ ಹೊಲಿಯೋದಾದರೆ ಮೊಂಡು ತುದಿಯ ಬಾಲ್‌ಪಾಯಿಂಟ್ ಸೂಜಿ ಬಳಸಿ, ಕುಣಿಕೆ ಹರಿಯೋದಿಲ್ಲ.
* ಕಾಟನ್ ಲೈನಿಂಗ್, ಫಾಲ್ಸ್ ಎರಡನ್ನೂ ಹೊಲಿಯುವ ಮುಂಚೆ ನೀರಲ್ಲಿ ನೆನೆಸಿ ಒಣಗಿಸಿ. ಆಮೇಲೆ ಕುಗ್ಗಿ ಸುಕ್ಕಾಗೋದು ತಪ್ಪುತ್ತೆ.
* ಕಪ್ಪು ಬಟ್ಟೆ ಒಳಮಗ್ಗುಲು ಮಾಡಿ ಒಗೆದು ನೆರಳಲ್ಲಿ ಒಣಗಿಸಿ, ಬಣ್ಣ ಬಹುಕಾಲ ಉಳಿಯುತ್ತೆ.
* ಕುರ್ತಾ ಹೊಲಿಯಲು ಕೊಡುವಾಗ ಟೈಲರ್‌ಗೆ ಹೇಳಿ ಒಂದು ಜೇಬು ಇಡಿಸಿ. ಮನೆ ಕೀಲಿಕೈ, ಮೊಬೈಲ್ ಅದರಲ್ಲಿದ್ದರೆ ನಿಮ್ಮ ಎರಡೂ ಕೈ ನಿಮ್ಮವೇ!