ಹೋಮ್ಸ್‌ನನ್ನು ಕೊಂದ ಡಾಯ್ಲ್: ಕೊನೆತನಕ ಬೆನ್ನು ಬಿಡದ ಓದುಗರು

1893ರ ಡಿಸೆಂಬರ್. ಲಂಡನ್ನಿನ ಸ್ಟ್ರ್ಯಾಂಡ್ ಮಾಸಪತ್ರಿಕೆಯ ಆ ತಿಂಗಳ ಸಂಚಿಕೆ ಬಿಡಿಸಿದ ಓದುಗರಿಗೆ ಸಾವಿನ ಸುದ್ದಿ ಕಾದಿತ್ತು. ಎರಡೂವರೆ ವರ್ಷದಿಂದ ಓದಿಕೊಂಡು ಬಂದಿದ್ದ ಖಾಸಗಿ ಪತ್ತೇದಾರ ಷರ್ಲಾಕ್ ಹೋಮ್ಸ್, ಶತ್ರುವಿನ ಜೊತೆ ಹೊಡೆದಾಡುತ್ತಾ ಸ್ವಿಟ್ಜರ್ಲೆಂಡಿನ ರೈಕೆನ್‌ಬಾಕ್ ಜಲಪಾತಕ್ಕೆ ಬಿದ್ದು ಸತ್ತ ಅಂತ ಕತೆ ಮುಗಿದಿತ್ತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಚಂದಾ ನಿಲ್ಲಿಸಿದರು ಅಂತ ಇವತ್ತಿಗೂ ಹೇಳುತ್ತಾರೆ. ಒಬ್ಬ ಹೆಂಗಸು ಲೇಖಕರಿಗೆ ಬರೆದ ಕಾಗದ ಬಯ್ಗುಳದಿಂದಲೇ ಶುರುವಾಗಿತ್ತು. ಲಂಡನ್ ಯುವಕರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಓಡಾಡಿದರು ಅನ್ನೋ ಮಾತೂ ಇದೆ. ಅದು ಕೇಳೋಕೆ ಚೆನ್ನಾಗಿದೆ ಅಷ್ಟೆ, ಆ ಕಾಲದ ಪತ್ರಿಕೆಗಳಲ್ಲಿ ಪುರಾವೆ ಸಿಕ್ಕಿಲ್ಲ.

ಇಷ್ಟೆಲ್ಲ ಬೈಸಿಕೊಂಡವರು ಆರ್ಥರ್ ಕಾನನ್ ಡಾಯ್ಲ್. ವೃತ್ತಿಯಿಂದ ಡಾಕ್ಟರ್. ಹುಟ್ಟಿದ್ದು 1859ರ ಮೇ 22ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ತಂದೆ ಚಾರ್ಲ್ಸ್‌ಗೆ ಸರ್ಕಾರಿ ನೌಕರಿ ಇತ್ತು, ಚಿತ್ರ ಬಿಡಿಸುವ ಕೈಯೂ ಇತ್ತು, ಆದರೆ ಕುಡಿತ ಎಲ್ಲವನ್ನೂ ನುಂಗಿತು. ಕೊನೆಗಾಲವನ್ನು ಅವರು ಮಾನಸಿಕ ಆಸ್ಪತ್ರೆಗಳಲ್ಲೇ ಕಳೆದರು. ಮನೆ ನಡೆಸಿದ್ದು ತಾಯಿ ಮೇರಿ. ಕತೆ ಹೇಳೋದರಲ್ಲಿ ಆಕೆ ಎತ್ತಿದ ಕೈ, ಮಗನಿಗೆ ಆ ರುಚಿ ಹತ್ತಿದ್ದು ಅಲ್ಲೇ.

ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದುವಾಗ ಜೋಸೆಫ್ ಬೆಲ್ ಅನ್ನೋ ಮೇಷ್ಟರು ಸಿಕ್ಕರು. ರೋಗಿ ಬಾಯಿ ಬಿಡುವ ಮೊದಲೇ ಅವನ ಕೈ, ಬಟ್ಟೆ, ನಡಿಗೆ ನೋಡಿ ಅವನ ಕಸುಬು ಏನು, ಎಲ್ಲಿಂದ ಬಂದ ಅಂತ ಹೇಳಿಬಿಡುತ್ತಿದ್ದರು. ಹೋಮ್ಸ್‌ನ ಬೇರು ಅದೇ.

1882ರಲ್ಲಿ ಡಾಯ್ಲ್ ಪೋರ್ಟ್ಸ್‌ಮತ್ ಹತ್ತಿರದ ಸೌತ್‌ಸೀಯಲ್ಲಿ ದವಾಖಾನೆ ತೆರೆದರು. ಮೊದಮೊದಲು ರೋಗಿಗಳೇ ಇಲ್ಲ. ಕಾಯುವ ಹೊತ್ತಿನಲ್ಲಿ ಕತೆ ಬರೆಯುತ್ತಾ ಹೋದರು. 1886ರಲ್ಲಿ ಬರೆದ ಮೊದಲ ಹೋಮ್ಸ್ ಕಾದಂಬರಿಯನ್ನು ಕೆಲವು ಪ್ರಕಾಶಕರು ವಾಪಸ್ ಕಳಿಸಿದರು. ಕೊನೆಗೆ ಒಂದು ಸಂಸ್ಥೆ ಪೂರ್ತಿ ಹಕ್ಕಿಗೆ 25 ಪೌಂಡ್ ಕೊಟ್ಟು ತೆಗೆದುಕೊಂಡು, ವರ್ಷ ಕಾಯಿಸಿ 1887ರಲ್ಲಿ ಅಚ್ಚು ಹಾಕಿತು. ಆ ಪುಸ್ತಕದಿಂದ ಅದಕ್ಕಿಂತ ಒಂದು ಕಾಸೂ ಹೆಚ್ಚಿಗೆ ತಮಗೆ ಬರಲಿಲ್ಲ ಅನ್ನೋ ಬೇಸರ ಅವರಿಗೆ ಕಡೇತನಕ ಇತ್ತು. ಓದುಗರೂ ಆಗ ಅಷ್ಟಾಗಿ ಗಮನಿಸಲಿಲ್ಲ.

ಅದೃಷ್ಟ ತಿರುಗಿದ್ದು 1891ರಲ್ಲಿ, ಲಂಡನ್ನಿಗೆ ಬಂದು ಕಣ್ಣಿನ ಡಾಕ್ಟರ್ ಬೋರ್ಡ್ ಹಾಕಿಕೊಂಡ ಮೇಲೆ. ಅಲ್ಲೂ ಒಬ್ಬ ರೋಗಿ ಬರಲಿಲ್ಲ ಅಂತ ಅವರೇ ಬರೆದುಕೊಂಡಿದ್ದಾರೆ. ಆದರೆ ಆ ಖಾಲಿ ಕೋಣೆಯಲ್ಲಿ ಒಂದು ಒಳ್ಳೆ ಐಡಿಯಾ ಹೊಳೆಯಿತು. ಧಾರಾವಾಹಿಯಾದರೆ ಒಂದು ಕಂತು ತಪ್ಪಿದ ಓದುಗ ಮುಂದಿನದನ್ನು ಕೊಳ್ಳೋದಿಲ್ಲ. ಬಿಡಿ ಕತೆಗಳಾದರೆ ನೆನಪಲ್ಲಿ ಉಳಿಯೋದಿಲ್ಲ. ಎರಡನ್ನೂ ಸೇರಿಸಿದರೆ? ಪ್ರತಿ ಸಂಚಿಕೆಗೆ ಒಂದು ಪೂರ್ತಿ ಕತೆ, ಆದರೆ ನಾಯಕ ಅವನೇ. ಜುಲೈ ಸಂಚಿಕೆಯಿಂದ ಸ್ಟ್ರ್ಯಾಂಡ್‌ನಲ್ಲಿ ಹೋಮ್ಸ್ ಶುರುವಾದ, ಜನ ಮುಗಿಬಿದ್ದರು.

ಇಲ್ಲಿಂದಲೇ ಜಗಳವೂ ಶುರು. ಡಾಯ್ಲ್‌ಗೆ ತಮ್ಮ ಐತಿಹಾಸಿಕ ಕಾದಂಬರಿಗಳ ಮೇಲೆ ಪ್ರಾಣ. ಮಧ್ಯಯುಗದ ಯೋಧರ ಬಗ್ಗೆ ರಾಶಿ ರಾಶಿ ಪುಸ್ತಕ ಓದಿ ‘ದಿ ವೈಟ್ ಕಂಪನಿ’ ಬರೆದಿದ್ದರು. ಓದುಗರಿಗೆ ಬೇಕಾಗಿದ್ದು ಮಾತ್ರ ಬೇಕರ್ ಸ್ಟ್ರೀಟಿನ ಪತ್ತೇದಾರ. ಅಂಗಡಿ ಇಟ್ಟವರಿಗೆ ಈ ಸಂಕಟ ಹೊಸದಲ್ಲ. ಆಸೆಪಟ್ಟು ತರಿಸಿದ ಮಾಲು ಹಾಗೇ ಕೂತಿರುತ್ತದೆ, ಗಿರಾಕಿ ಕೇಳೋದೇ ಬೇರೆ.

ಮೊದಲ ವರ್ಷವೇ ಹೋಮ್ಸ್‌ನನ್ನು ಮುಗಿಸುವ ಯೋಚನೆಯನ್ನು ಡಾಯ್ಲ್ ತಾಯಿಗೆ ಬರೆದು ತಿಳಿಸಿದರು. ಆಕೆ ಸುತಾರಾಂ ಒಪ್ಪಲಿಲ್ಲ, ಬದಲಿಗೆ ಹೊಸ ಕತೆಗೆ ಒಂದು ಎಳೆಯನ್ನೂ ಕೊಟ್ಟರು. ಮುಂದೆ ಪತ್ರಿಕೆಯವರು ಇನ್ನಷ್ಟು ಕತೆ ಕೇಳಿದಾಗ, ಹೇಗೂ ಒಪ್ಪಲಾರರು ಅಂದುಕೊಂಡು ಹನ್ನೆರಡು ಕತೆಗೆ 1,000 ಪೌಂಡ್ ಬೆಲೆ ಹೇಳಿದರು. ಅವರು ಒಪ್ಪಿಯೇಬಿಟ್ಟರು!

1893 ಡಾಯ್ಲ್ ಮನೆಗೆ ಕೆಟ್ಟ ವರ್ಷ. ಹೆಂಡತಿ ಲೂಯಿಸಾಗೆ ಕ್ಷಯ ಅಂತ ಗೊತ್ತಾಯಿತು, ಅಕ್ಟೋಬರಿನಲ್ಲಿ ತಂದೆ ತೀರಿಕೊಂಡರು. ಡಿಸೆಂಬರಿನಲ್ಲಿ ಹೋಮ್ಸ್ ಜಲಪಾತಕ್ಕೆ ಬಿದ್ದ. ಬೈದು ಬರೆದ ಓದುಗರಿಗೆ ಆ ಮನೆಯ ಕಷ್ಟ ಗೊತ್ತಿರಲಿಲ್ಲ. ಡಾಯ್ಲ್‌ಗೆ ಮಾತ್ರ ಪಶ್ಚಾತ್ತಾಪ ಆಗಲಿಲ್ಲ. ವಿಪರೀತ ತಿಂದು ಹೊಟ್ಟೆ ಕೆಟ್ಟ ತಿಂಡಿಯ ಹೆಸರು ಕೇಳಿದರೂ ವಾಕರಿಕೆ ಬರುತ್ತದಲ್ಲ, ಹೋಮ್ಸ್ ಹೆಸರು ಕೇಳಿದರೆ ಹಾಗಾಗುತ್ತದೆ ಅನ್ನೋ ಅರ್ಥದಲ್ಲಿ ಸ್ನೇಹಿತರಿಗೆ ಬರೆದರು.

ಎಂಟು ವರ್ಷ ಹಟ ಹಿಡಿದರು. 1901ರಲ್ಲಿ ‘ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್’ ಧಾರಾವಾಹಿ ಬಂತು, ಸಾಯುವ ಮೊದಲಿನ ಪ್ರಕರಣ ಅನ್ನೋ ಜಾಣ್ಮೆಯಿಂದ. ಓದುಗರಿಗೆ ಅಷ್ಟು ಸಾಲಲಿಲ್ಲ, ಹೋಮ್ಸ್ ಜೀವಂತ ಬೇಕಿತ್ತು. 1903ರಲ್ಲಿ ಅಮೆರಿಕದ ಕಾಲಿಯರ್ಸ್ ವಾರಪತ್ರಿಕೆ 13 ಕತೆಗೆ 45,000 ಡಾಲರ್ ಕೊಡಲು ಮುಂದೆ ಬಂತು. ಹೋಮ್ಸ್ ಸತ್ತೇ ಇರಲಿಲ್ಲ, ಶತ್ರು ಮಾತ್ರ ಬಿದ್ದಿದ್ದು ಅಂತ ಹೊಸ ಕತೆಯಲ್ಲಿ ಸಮಜಾಯಿಷಿ ಬಂತು.

ಗೆದ್ದ ಓದುಗರು ಸುಮ್ಮನಾದರಾ? ಇಲ್ಲ. ಕಾರ್ನ್‌ವಾಲ್ ಕಡೆಯ ಒಬ್ಬ ದೋಣಿಯವನ ಅಭಿಪ್ರಾಯವನ್ನು ಡಾಯ್ಲ್ ತಾವೇ ನಗುತ್ತಾ ಹೇಳಿಕೊಳ್ಳುತ್ತಿದ್ದರು. ಹೋಮ್ಸ್ ಬೆಟ್ಟದಿಂದ ಬಿದ್ದು ಸಾಯಲಿಲ್ಲ ಸರಿ, ಆದರೆ ಬಿದ್ದ ಮೇಲೆ ಮೊದಲಿನ ಮನುಷ್ಯ ಆಗಿ ಉಳಿಯಲಿಲ್ಲ ಅಂತ ಅವನ ದೂರು. ಹೋಮ್ಸ್ ಕತೆಗಳ ಬಗ್ಗೆ ಬಂದಿರುವ ದೊಡ್ಡ ದೊಡ್ಡ ವಿಮರ್ಶೆಗಳಲ್ಲಿ ಇಷ್ಟು ಚುಟುಕಾಗಿ, ಇಷ್ಟು ಸರಿಯಾಗಿ ಹೇಳಿದ್ದು ಅಪರೂಪ.

ತಪ್ಪು ಹುಡುಕೋದರಲ್ಲಿ ಓದುಗರೇ ಪತ್ತೇದಾರರಾದರು. ವಾಟ್ಸನ್‌ಗೆ ಅಫ್ಘಾನ್ ಯುದ್ಧದಲ್ಲಿ ಗುಂಡು ಬಿದ್ದಿದ್ದು ಒಂದು ಪುಸ್ತಕದಲ್ಲಿ ಭುಜಕ್ಕೆ, ಇನ್ನೊಂದರಲ್ಲಿ ಕಾಲಿಗೆ. ಕುದುರೆ ರೇಸಿನ ಕತೆ ಓದಿದ ಬಲ್ಲವರು, ಈ ಥರ ನಡೆದುಕೊಂಡರೆ ಅರ್ಧ ಪಾತ್ರಗಳು ಜೈಲಿನಲ್ಲಿರಬೇಕಿತ್ತು ಅಂದರು. ಸೈಕಲ್ ಚಕ್ರದ ಗುರುತು ನೋಡಿಯೇ ಅದು ಯಾವ ದಿಕ್ಕಿಗೆ ಹೋಯಿತು ಅಂತ ಹೋಮ್ಸ್ ಹೇಳಿದ್ದಕ್ಕೆ ಪತ್ರಗಳ ಮೇಲೆ ಪತ್ರ. ಡಾಯ್ಲ್ ತಾವೇ ಸೈಕಲ್ ಹತ್ತಿ ಪರೀಕ್ಷೆ ಮಾಡಿ, ಓದುಗರದ್ದೇ ಸರಿ ಅಂತ ಒಪ್ಪಿದರು. ದೊಡ್ಡ ಹೆಸರಿನ ಎಷ್ಟು ಲೇಖಕರು ಇಷ್ಟು ಮಾಡಿಯಾರು? ಇಂಡಿಯಾದ ಹಾವೊಂದು ಹಗ್ಗ ಹಿಡಿದು ಇಳಿದು, ಹಾಲು ಕುಡಿದು, ಸಿಳ್ಳೆಗೆ ವಾಪಸ್ ಹೋಗುವ ಕತೆಯೂ ಇದೆ. ನಮ್ಮೂರಿನ ಯಾವ ಹಾವಾಡಿಗನೂ ಅದನ್ನು ನಂಬಲಾರ. ಆದರೂ ಅದು ಓದುಗರ ಅಚ್ಚುಮೆಚ್ಚಿನ ಕತೆ. 1927ರಲ್ಲಿ ಸ್ಟ್ರ್ಯಾಂಡ್ ಪತ್ರಿಕೆ, ಡಾಯ್ಲ್ ಆರಿಸಿದ 12 ಉತ್ತಮ ಕತೆ ಯಾವುವು ಅಂತ ಊಹಿಸುವ ಸ್ಪರ್ಧೆ ಇಟ್ಟಾಗ ಅವರ ಪಟ್ಟಿಯ ತಲೆಯಲ್ಲಿದ್ದದ್ದೂ ಆ ಹಾವಿನ ಕತೆಯೇ.

ಹೋಮ್ಸ್ ನಿಜವಾಗಿಯೂ ಇದ್ದಾನೆ ಅಂತ ನಂಬಿದವರೂ ಇದ್ದರು. ಅವನು ನಿವೃತ್ತನಾಗಿ ಜೇನು ಸಾಕುತ್ತಿದ್ದಾನೆ ಅಂತ ಕತೆಯಲ್ಲಿ ಬಂದಾಗ, ಮನೆ ನೋಡಿಕೊಳ್ಳಲು ತಯಾರಿದ್ದೇವೆ ಅಂತ ಹೆಂಗಸರು ಅರ್ಜಿ ಹಾಕಿದರು. ಕಷ್ಟದಲ್ಲಿದ್ದವರು ಡಾಯ್ಲ್‌ಗೇ ಬರೆದರು. ಅಂಥ ಒಬ್ಬರು ಜಾರ್ಜ್ ಎಡಾಲ್ಜಿ. ಅವರ ತಂದೆ ಮುಂಬಯಿ ಮೂಲದ ಪಾರ್ಸಿ, ಕ್ರೈಸ್ತರಾಗಿ ಇಂಗ್ಲೆಂಡಿನ ಹಳ್ಳಿಯಲ್ಲಿ ಪಾದ್ರಿಯಾಗಿದ್ದವರು. ವಕೀಲರಾಗಿದ್ದ ಜಾರ್ಜ್ ರಾತ್ರಿ ಹೊತ್ತು ಹೊಲಕ್ಕೆ ನುಗ್ಗಿ ಕುದುರೆಯ ಹೊಟ್ಟೆ ಕೊಯ್ದರು ಅಂತ 1903ರಲ್ಲಿ ಏಳು ವರ್ಷ ಶಿಕ್ಷೆ ಆಗಿತ್ತು. ಮೂರು ವರ್ಷಕ್ಕೆ ಬಿಟ್ಟರೂ ಕಳಂಕ ಹೋಗಿರಲಿಲ್ಲ. ಭೇಟಿಗೆ ಹೋದ ಡಾಯ್ಲ್, ಆತ ಪೇಪರನ್ನು ಮುಖಕ್ಕೆ ತಾಗುವಷ್ಟು ಹತ್ತಿರ ಹಿಡಿದು ಓದುತ್ತಿದ್ದದ್ದನ್ನು ದೂರದಿಂದಲೇ ನೋಡಿದರು. ಇಷ್ಟು ಮಂದ ದೃಷ್ಟಿಯವನು ಕತ್ತಲಲ್ಲಿ ಆ ಕೆಲಸ ಮಾಡಲಾರ ಅಂತ 1907ರ ಜನವರಿಯಲ್ಲಿ ಪತ್ರಿಕೆಗೆ ಬರೆದರು. ಸರ್ಕಾರ ಕ್ಷಮಾದಾನ ಕೊಟ್ಟಿತು, ಪರಿಹಾರ ಕೊಡಲಿಲ್ಲ. ಅದೇ ವರ್ಷ ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಅಪೀಲು ಕೋರ್ಟ್ ಸ್ಥಾಪಿಸುವ ಕಾನೂನು ಆಗಲು ಈ ಪ್ರಕರಣದ ಗಲಾಟೆಯೂ ಒಂದು ಕಾರಣ. ಸಂಪಾದನೆಗೆ ಬರೆದ ಕತೆಗಳಿಂದ ಬಂದ ಹೆಸರು ಒಬ್ಬ ನಿಜವಾದ ಮನುಷ್ಯನ ಮಾನ ಉಳಿಸಲು ಕೆಲಸಕ್ಕೆ ಬಂದಿತ್ತು.

ಕೊನೆಯ ವರ್ಷಗಳಲ್ಲಿ ಓದುಗರಿಗೂ ಅವರಿಗೂ ಮತ್ತೆ ದೂರ ಬೆಳೆಯಿತು. ಮಗ ಕಿಂಗ್ಸ್‌ಲಿ 1918ರಲ್ಲಿ, ತಮ್ಮ ಇನೆಸ್ 1919ರಲ್ಲಿ ತೀರಿಕೊಂಡರು. ಸತ್ತವರ ಆತ್ಮದ ಜೊತೆ ಮಾತಾಡಬಹುದು ಅಂತ ನಂಬಿದ್ದ ಡಾಯ್ಲ್ ಅದರ ಪ್ರಚಾರಕ್ಕೆ ದೇಶದೇಶ ಸುತ್ತಿದರು. ಇಬ್ಬರು ಹುಡುಗಿಯರು ತೆಗೆದ ಯಕ್ಷಿಣಿಯರ ಫೋಟೋಗಳನ್ನೂ ನಿಜ ಅಂದರು. ಹೋಮ್ಸ್‌ನನ್ನು ಹುಟ್ಟಿಸಿದವರು ಹೀಗಾದರಲ್ಲ ಅಂತ ಜನ ಆಡಿಕೊಂಡರು. ಆದರೆ ತಮ್ಮ ನಂಬಿಕೆಯನ್ನು ಅವರು ಹೋಮ್ಸ್ ಮೇಲೆ ಹೇರಲಿಲ್ಲ. 1924ರ ರಕ್ತಪಿಶಾಚಿಯ ಕತೆಯಲ್ಲೂ ಹೋಮ್ಸ್ ದೆವ್ವ ಭೂತವನ್ನು ಲೆಕ್ಕಕ್ಕೇ ತೆಗೆದುಕೊಳ್ಳೋದಿಲ್ಲ. ಅಷ್ಟರಮಟ್ಟಿಗೆ ಓದುಗರ ಹೋಮ್ಸ್ ಓದುಗರಿಗೇ ಉಳಿದ.

ಕೊನೆಯ ಕತೆ 1927ರಲ್ಲಿ ಬಂತು. ನಲವತ್ತು ವರ್ಷಕ್ಕೆ ನಾಲ್ಕು ಕಾದಂಬರಿ, 56 ಕತೆ. 1930ರ ಜುಲೈ 7ರಂದು ಡಾಯ್ಲ್ ಕ್ರೌಬರೋದ ತಮ್ಮ ಮನೆಯಲ್ಲಿ ಕಣ್ಣು ಮುಚ್ಚಿದರು. ಹೋಮ್ಸ್ ಹೆಸರಿಗೆ ಪತ್ರ ಬರೋದು ನಿಲ್ಲಲಿಲ್ಲ. 1932ರಲ್ಲಿ ಬೇಕರ್ ಸ್ಟ್ರೀಟಿನ ಆ ನಂಬರಿನ ಜಾಗಕ್ಕೆ ಬಂದ ಗೃಹಸಾಲ ಸಂಸ್ಥೆಯೊಂದು, ಆ ಪತ್ರಗಳಿಗೆ ಉತ್ತರ ಬರೆಯೋದಕ್ಕೆ ಅಂತಲೇ ಒಬ್ಬ ಕಾರ್ಯದರ್ಶಿಯನ್ನು ಇಟ್ಟುಕೊಳ್ಳಬೇಕಾಯಿತು.